ಯಾರನ್ನು ಕೇಳಿ ಮಾಡಿದಿರಿ ಈ ಯಂತ್ರವನ್ನು?

“ಮುದುಕರಿಗೆ ಮೊಬೈಲು ಬರುವುದಿಲ್ಲ.” ಶಿಕಾರಿಪುರದ ಬಸ್ ನಿಲ್ದಾಣದಿಂದ ಹಿಡಿದು ಸೊರಬದ ಸಂತೆಯವರೆಗೆ ಈ ಮಾತು ಈಗ ಗಾದೆಯಂತೆ ಓಡಾಡುತ್ತಿದೆ. ಬ್ಯಾಂಕಿನ ಗುಮಾಸ್ತ ಹೇಳುತ್ತಾನೆ, ಪಡಿತರ ಅಂಗಡಿಯವನು ಹೇಳುತ್ತಾನೆ, ಮನೆಯ ಮಕ್ಕಳೇ ಹೇಳುತ್ತಾರೆ. ಕೇಳಿ ಕೇಳಿ ಮುದುಕರೂ ಅದನ್ನು ನಂಬಿಕೊಂಡು, “ನಮಗೆ ಅದೆಲ್ಲ ಗೊತ್ತಾಗಲ್ಲಪ್ಪ” ಎಂದು ತಲೆ ತಗ್ಗಿಸುತ್ತಾರೆ. ಈ ಮಾತು ಶುದ್ಧ ಸುಳ್ಳು ಎಂದು ನಾವು ಹೇಳುತ್ತೇವೆ. ಐವತ್ತು ವರ್ಷ ಮಳೆ, ಮಣ್ಣು, ದನ, ಸಾಲ, ಸಾಹುಕಾರ ಎಲ್ಲವನ್ನೂ ಅರಿತು ಸಂಸಾರ ನಡೆಸಿದವರಿಗೆ ಅಂಗೈಯಗಲದ ಒಂದು ಗಾಜಿನ ಹಲಗೆ ಅರ್ಥವಾಗುವುದಿಲ್ಲವೆಂದರೆ ತಪ್ಪು ಅವರದಲ್ಲ. ಆ ಹಲಗೆಯನ್ನು ಮಾಡಿದವರು ಒಂದು ದಿನವೂ ಇವರ ಮುಖ ನೋಡಲಿಲ್ಲ, ಇವರ ಮಾತು ಕೇಳಲಿಲ್ಲ. ತಪ್ಪು ಅಲ್ಲಿದೆ.

ಕೂಲಿ, ಬೋನಸ್, ಭತ್ತದ ಧಾರಣೆ ಇವೆಲ್ಲ ಇರುವಾಗ ಅಜ್ಜಿಯ ಮೊಬೈಲಿನ ಗೊಡವೆ ನಿಮಗೇಕೆ ಎಂದು ಕೆಲವು ಸ್ನೇಹಿತರು ಕೇಳಬಹುದು. ಅಂಥವರು ನಮ್ಮ ಈ ಎರಡು ತಾಲ್ಲೂಕುಗಳ ಯಾವ ಊರಿಗಾದರೂ ಹೋಗಿ ನೋಡಲಿ. ಶಿರಾಳಕೊಪ್ಪದ ಸುತ್ತಿನ ಹಳ್ಳಿಯಾಗಲಿ, ಶಿಕಾರಿಪುರದ ತಾಂಡಾಗಳಾಗಲಿ, ಆನವಟ್ಟಿ, ಜಡೆ, ಚಂದ್ರಗುತ್ತಿಗಳಾಗಲಿ, ಹಗಲು ಹೊತ್ತು ಜಗಲಿಯ ಮೇಲೆ ಕಾಣುವವರು ಮುದುಕರು ಮತ್ತು ಚಿಕ್ಕ ಮಕ್ಕಳು. ನಡುವಿನ ತಲೆಮಾರು ಗದ್ದೆಯಲ್ಲಿದೆ, ಗಿರಣಿಯಲ್ಲಿದೆ, ಇಲ್ಲವೆ ಬೆಂಗಳೂರಿನಲ್ಲಿ ಬಟ್ಟೆ ಹೊಲಿಯುತ್ತಿದೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದೆ, ಯಾರದೋ ಮಹಡಿಮನೆಯ ಗೇಟು ಕಾಯುತ್ತಿದೆ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು, ಅಂದರೆ ನೂರಕ್ಕೆ 8.6 ಮಂದಿ ಇದ್ದರು. ಇವರಲ್ಲಿ ಎಷ್ಟೋ ಮಂದಿಗೆ ದೂರದ ಮಗನ ದನಿ, ಮೊಮ್ಮಗಳ ಮುಖ, ತಿಂಗಳ ಪಿಂಚಣಿ, ಪಡಿತರದ ಅಕ್ಕಿ ಈ ನಾಲ್ಕಕ್ಕೂ ದಾರಿ ಒಂದೇ, ಅದು ಯಂತ್ರ. ಆ ಯಂತ್ರ ಕೆಟ್ಟರೆ ಅಕ್ಕಿಯೂ ಇಲ್ಲ, ಅಕ್ಕರೆಯೂ ಇಲ್ಲ. ಇದು ಕೂಲಿಯ ಪ್ರಶ್ನೆಯಷ್ಟೇ ದೊಡ್ಡ ಪ್ರಶ್ನೆಯಲ್ಲವೆ?

ಹಿಂದೆ ಮೂರು ತಲೆಮಾರು ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ ಕಾಲ ಸ್ವರ್ಗವಾಗಿತ್ತೆಂದು ನಾವು ಹಾಡಿ ಹೊಗಳುವವರಲ್ಲ. ಆ ಕಾಲದಲ್ಲಿ ಗೇಣಿಯ ಗೋಳಿತ್ತು, ಸೊಸೆಯ ಕಣ್ಣೀರಿತ್ತು. ಆದರೆ ಹೊಟ್ಟೆಪಾಡು ಮನೆಯನ್ನು ಒಡೆದು ಚೆಲ್ಲಿದ ಮೇಲೆ, ಚೆಲ್ಲಿದವರನ್ನು ಕೂಡಿಸುತ್ತೇವೆಂದು ಕಂಪನಿಗಳೂ ಸರಕಾರವೂ ಯಂತ್ರಗಳನ್ನು ಹಿಡಿದು ಬಾಗಿಲಿಗೆ ಬಂದಿವೆ. ಕೂಡಿಸುವ ಕೆಲಸ ಯಾರಿಗಾಗಿ ನಡೆದಿದೆಯೋ ಅವರನ್ನು ಕೇಳಿಯೇ ಅದು ನಡೆಯಬೇಕು ಎಂಬುದಷ್ಟೆ ನಮ್ಮ ವಾದ.

ಗೆರೆ ಸವೆದ ಬೆರಳು

ಮೊದಲು ಗಿರಣಿ ಕೆಲಸಗಾರರ ಅನುಭವವನ್ನೇ ತೆಗೆದುಕೊಳ್ಳೋಣ. ಪಿಂಚಣಿ ಪಡೆಯುವವನು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ರುಜುವಾತು ಮಾಡಬೇಕು. ಅದಕ್ಕಾಗಿ ಕೇಂದ್ರ ಸರಕಾರ 2014ರ ನವೆಂಬರ್‌ನಲ್ಲಿ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆಯನ್ನು ತಂದಿತು. ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ಕಚೇರಿಗೆ ಅಲೆಯಬೇಕಿಲ್ಲ ಎಂದರು. ಕೇಳಲು ಚೆನ್ನಾಗಿತ್ತು. ಆದರೆ ಮೂವತ್ತು ವರ್ಷ ಮೂಟೆ ಹೊತ್ತವನ, ನೂಲಿನ ಎಳೆ ಎಳೆದವನ, ಸುಣ್ಣ ಸಿಮೆಂಟು ಕಲಸಿದವನ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ದುಡಿಮೆಯೇ ಆ ಗೆರೆಯನ್ನು ತಿಂದಿರುತ್ತದೆ. ಯಂತ್ರ ಮಾತ್ರ “ಹೊಂದಾಣಿಕೆಯಾಗಲಿಲ್ಲ” ಎನ್ನುತ್ತದೆ. ಜೀವಮಾನವೆಲ್ಲ ದುಡಿದವನಿಗೆ, ದುಡಿದದ್ದೇ ಕಾರಣವಾಗಿ, ನೀನು ಬದುಕಿಲ್ಲ ಎಂದು ಹೇಳುವ ಯಂತ್ರ ಇದು!

ಕಣ್ಣಿನ ಪಾಪೆ ತೋರಿಸುವ ದಾರಿಯೂ ಇತ್ತೆಂದು ಅಧಿಕಾರಿಗಳು ಹೇಳುತ್ತಾರೆ. ಕಾಗದದ ಮೇಲೆ ಇತ್ತು ನಿಜ. ಹಳ್ಳಿಯ ಮುದುಕನ ಕೈಗೆಟಕುವಷ್ಟು ಹತ್ತಿರದಲ್ಲಿ ಆ ಯಂತ್ರ ಇರಬೇಕಲ್ಲ? ಮುಖ ತೋರಿಸಿ ರುಜುವಾತು ಮಾಡುವ ಏರ್ಪಾಡು ಬಂದದ್ದು 2021ರ ನವೆಂಬರ್‌ನಲ್ಲಿ. ಏಳು ವರ್ಷ! ಬೆರಳಿನ ಗೆರೆ ಸವೆಯುತ್ತದೆಂಬುದನ್ನು ತಿಳಿಯಲು ಏಳು ವರ್ಷ ಏಕೆ ಬೇಕಿತ್ತು? ಮೊದಲ ದಿನವೇ ಒಬ್ಬ ಹಮಾಲನ ಮನೆಗೆ ಹೋಗಿ, ಅವನನ್ನೂ ಅವನ ಹೆಂಡತಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕೇಳಿದ್ದರೆ, ಏಳು ನಿಮಿಷದಲ್ಲಿ ತಿಳಿಯುತ್ತಿತ್ತು.

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಶಿಕಾರಿಪುರ ತಾಲ್ಲೂಕಿನ ತಮ್ಮ ಊರಿಗೆ ಮರಳಿದ ಹಿರಿಯರೊಬ್ಬರ ಸಂಗಡ ನಾವು ಈ ಕೆಲಸಕ್ಕಾಗಿ ಮೂರು ಸಲ ಅಲೆದಿದ್ದೇವೆ. ಬೆರಳು ಒಪ್ಪಲಿಲ್ಲ. ಮುಖ ತೋರಿಸಿದರೆ ಕಣ್ಣು ಮಿಟುಕಿಸು ಎಂದಿತು ಯಂತ್ರ. ಪೊರೆ ತೆಗೆಸಿದ ಕಣ್ಣು ಅದರ ತಾಳಕ್ಕೆ ಮಿಟುಕಲಿಲ್ಲ. ಸುತ್ತ ನಿಂತ ಹುಡುಗರು ನಕ್ಕರು. ಆ ಹಿರಿಯರು ನಗಲಿಲ್ಲ. “ನಾನು ನಾಟಕದಲ್ಲಿ ಪಾರ್ಟು ಮಾಡೋಕೆ ಬಂದಿಲ್ಲ, ನನ್ನ ದುಡ್ಡು ಕೇಳೋಕೆ ಬಂದಿದೀನಿ” ಎಂದರು. ಆ ದುಡ್ಡಾದರೂ ಎಷ್ಟು? ಭವಿಷ್ಯ ನಿಧಿಯ ಪಿಂಚಣಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಇರಬೇಕೆಂದು 2014ರಲ್ಲಿ ಗೊತ್ತುಮಾಡಿದರು. 2020ರಿಂದ ಅಂಚೆಯವನು ಮನೆ ಬಾಗಿಲಿಗೇ ಬಂದು ಈ ರುಜುವಾತು ಮಾಡಿಸುವ ಸೌಲಭ್ಯ ಬಂತು, ಅದು ಒಳ್ಳೆಯ ಕೆಲಸವೇ. ಆದರೆ ಅದಕ್ಕೆ ಆಗ ಗೊತ್ತುಮಾಡಿದ ಶುಲ್ಕ 70 ರೂಪಾಯಿ. ಬದುಕಿರುವುದಕ್ಕೂ ಶುಲ್ಕ ಕೊಡಬೇಕಾದ ಕಾಲ ಇದು.

ಮೊಮ್ಮಗನನ್ನು ಗುಮಾಸ್ತನನ್ನಾಗಿ ಮಾಡಿದವರು

ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಅದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.

ಬ್ಯಾಂಕಿನವರೂ ಪೊಲೀಸಿನವರೂ ರೇಡಿಯೋದಲ್ಲಿ, ಗೋಡೆಯಲ್ಲಿ, ಫೋನಿನಲ್ಲಿ ಎಚ್ಚರಿಸುತ್ತಲೇ ಇದ್ದಾರೆ: ನಿಮ್ಮ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಒಳ್ಳೆಯ ಬುದ್ಧಿವಾದ. ಆದರೆ ಆ ಸಂಖ್ಯೆ ಅಜ್ಜಿಯ ಫೋನಿಗೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸೂಜಿಯ ಮೊನೆಯಂಥ ಅಕ್ಷರದಲ್ಲಿ, ಕೆಲವು ನಿಮಿಷಗಳ ಗಡುವಿನಲ್ಲಿ ಬರುತ್ತದೆ. ಅಜ್ಜಿ ಅದನ್ನು ಓದಲಾರಳು. ಓದಿಸಬೇಕಾದರೆ ಮೊಮ್ಮಗನಿಗೆ ತೋರಿಸಬೇಕು. ತೋರಿಸಿದರೆ ನಿಯಮ ಮುರಿದಂತೆ, ತೋರಿಸದಿದ್ದರೆ ದುಡ್ಡು ಇಲ್ಲ. ನಿಯಮ ಮಾಡಿದವರೇ ನಿಯಮ ಮುರಿಯದೆ ಬದುಕಲಾರದ ಯಂತ್ರವನ್ನೂ ಮಾಡಿದ್ದಾರೆ! ನಾಳೆ ಖಾತೆಯಿಂದ ಹಣ ಹೋದರೆ “ನೀವೇ ತಾನೆ ಹೇಳಿದ್ದು?” ಎಂದು ಅಜ್ಜಿಯ ಮೇಲೆ ಎಗರುತ್ತಾರೆ.

ಈ ಏರ್ಪಾಡಿನಿಂದ ಮನೆಯೊಳಗೆ ಏನಾಗುತ್ತದೆ ನೋಡಿ. ಎಂಟನೆಯ ತರಗತಿಯ ಹುಡುಗ ಅಜ್ಜಿಯ ಗುಮಾಸ್ತನಾಗುತ್ತಾನೆ. ಅಜ್ಜಿಯ ಪಿಂಚಣಿ ಎಷ್ಟು, ಗೃಹಲಕ್ಷ್ಮಿಯ 2,000 ರೂಪಾಯಿ ಬಂತೆ ಇಲ್ಲವೆ, ಅವಳು ಮಗಳಿಗೆ ಗುಟ್ಟಾಗಿ ಎಷ್ಟು ಕೊಟ್ಟಳು, ಎಲ್ಲವೂ ಅವನಿಗೆ ಗೊತ್ತು. ಒಳ್ಳೆಯ ಹುಡುಗನಾದರೆ ಅವನಿಗೆ ಬೇಸರ. ಕೆಟ್ಟ ಚಾಳಿಯವನಾದರೆ ಅವನಿಗೆ ಅವಕಾಶ. ಅಜ್ಜಿಗೆ ಎರಡರಲ್ಲೂ ಅಧೀನತೆಯೇ. ಹಿಂದೆ ಅವಳು ಮೊಮ್ಮಗನನ್ನು ಕರೆದು ಕತೆ ಹೇಳುತ್ತಿದ್ದಳು; ಈಗ ಕರೆದರೆ ಅವನು “ಏನು, ಮತ್ತೆ ಓಟಿಪಿಯಾ?” ಎನ್ನುತ್ತಾನೆ. ಎರಡು ತಲೆಮಾರುಗಳನ್ನು ಕೂಡಿಸುತ್ತೇವೆಂದು ಬಂದ ಯಂತ್ರ ಅವರ ನಡುವೆ ದಫ್ತರು ತಂದು ಕೂರಿಸಿದೆ. ತಾಂಡಾದ ಮುದುಕಿಯ ಪಾಡು ಇನ್ನೂ ಕಷ್ಟ. ಅವಳ ಮನೆಮಾತು ಲಂಬಾಣಿ. ಅದಕ್ಕೆ ತನ್ನದೇ ಲಿಪಿ ಇಲ್ಲ. ದನಿಯೇ ಅದರ ಆಸ್ತಿ. ದನಿಯಿಂದಲೇ ನಡೆಯಬೇಕಾದ ಫೋನು ಅವಳಿಗೆ ಅಕ್ಷರ ತೋರಿಸುತ್ತದೆ.

ಇತ್ತೀಚೆಗೆ, 2024ರಲ್ಲಿ, ಯುಪಿಐ ಸರ್ಕಲ್ ಎಂಬ ಸೌಲಭ್ಯ ಬಂದಿದೆ. ಖಾತೆಯಿರುವ ಒಬ್ಬರು ಮನೆಯ ಇನ್ನೊಬ್ಬರಿಗೆ ಮಿತಿ ಹಾಕಿ ಹಣ ಪಾವತಿಸುವ ಅನುಮತಿ ಕೊಡಬಹುದು. ಒಂದು ಮನೆಯಲ್ಲಿ ಒಂದೇ ಜೀವ ಇರುವುದಿಲ್ಲ ಎಂಬುದು ಕೊನೆಗೂ ಯಂತ್ರದವರಿಗೆ ಹೊಳೆಯಿತು, ಸಂತೋಷ. ಆದರೆ ಅದರ ಕಟ್ಟನ್ನು ನೋಡಿ: ಒಬ್ಬ ಯಜಮಾನ, ಮಿಕ್ಕವರು ಅವಲಂಬಿಗಳು. ಅಜ್ಜಿ ತನ್ನ ಹಣದ ಯಜಮಾನಿಯಾಗಿಯೇ ಉಳಿದು, ಓದುವ ಕಣ್ಣನ್ನು ಮಾತ್ರ ಮೊಮ್ಮಗನಿಂದ ಎರವಲು ಪಡೆಯುವ ದಾರಿ ಅದರಲ್ಲಿಲ್ಲ. ಅಂಥದೊಂದು ಬೇಕೆಂದು ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಕೂತು ಹೇಳಿದರಲ್ಲದೆ ಯಾವ ಇಂಜಿನಿಯರಿಗೆ ತಿಳಿದೀತು?

ಅಂಗಡಿಯ ಕಷ್ಟ ಕಂಡಿತು, ಅಡುಗೆಮನೆಯ ಕಷ್ಟ ಕಾಣಲಿಲ್ಲ

ವರ್ತಕ ಬಂಧುಗಳಿಗೆ ಒಂದು ಮಾತು. ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಈಗ ಒಂದು ಮಾತಾಡುವ ಪೆಟ್ಟಿಗೆ ಇದೆ. ಗಿರಾಕಿ ಫೋನಿನಿಂದ ದುಡ್ಡು ಹಾಕಿದ ಕೂಡಲೆ “ಇಷ್ಟು ರೂಪಾಯಿ ಬಂದಿದೆ” ಎಂದು ಅದು ಕನ್ನಡದಲ್ಲಿ ಕೂಗುತ್ತದೆ. ಸಂತೆಯ ಗಲಾಟೆಯಲ್ಲಿ, ಒಂದು ಕೈಯಲ್ಲಿ ತಕ್ಕಡಿ ಹಿಡಿದವನು ಪ್ರತಿ ಸಲವೂ ಫೋನು ತೆಗೆದು ನೋಡಲಾರ. ಸುಳ್ಳು ಚಿತ್ರ ತೋರಿಸಿ ಮೋಸ ಮಾಡುವವರೂ ಉಂಟು. ಈ ಕಷ್ಟಕ್ಕೆ ಪೆಟ್ಟಿಗೆ ಒಳ್ಳೆಯ ಉತ್ತರ. ಓದು ಬಾರದ ತರಕಾರಿ ಮಾರುವವಳೂ ಅದನ್ನು ಸಲೀಸಾಗಿ ಬಳಸುತ್ತಾಳೆ. ಅವಳಿಗೆ ಯಾರೂ “ನಿನಗೆ ಬರುವುದಿಲ್ಲ” ಎನ್ನಲಿಲ್ಲ.

ಹಾಗಾದರೆ ಬಡವರಿಗೂ ಮುದುಕರಿಗೂ ಒಗ್ಗುವ ಯಂತ್ರ ಮಾಡುವುದು ಅಸಾಧ್ಯವೇನಲ್ಲ ಎಂದಾಯಿತು. ಅಂಗಡಿಯ ಕಷ್ಟ ಕಂಪನಿಗಳ ಕಣ್ಣಿಗೆ ಬಿದ್ದದ್ದೇಕೆ? ಅಲ್ಲಿ ವಹಿವಾಟಿದೆ, ಪೆಟ್ಟಿಗೆಗೆ ಬಾಡಿಗೆ ಇದೆ. ಅಜ್ಜಿಯ ಒಂಟಿತನಕ್ಕೆ ಬಾಡಿಗೆ ಹುಟ್ಟುವುದಿಲ್ಲ. ಆದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಲಾಭವಿರುವಲ್ಲಿ ಕಿವಿ ಚುರುಕು, ಇಲ್ಲದಲ್ಲಿ ಕಿವುಡು. ಇದೇ ಬಂಡವಾಳದ ಸ್ವಭಾವ. ಅದನ್ನು ಬೈದು ಪ್ರಯೋಜನವಿಲ್ಲ. ಬಂಡವಾಳಕ್ಕೆ ಕೇಳಿಸದ್ದನ್ನು ಕೇಳಿಸುವಂತೆ ಮಾಡುವುದು ಸಂಘಟಿತ ಜನರ ಕೆಲಸ, ಜನರ ಹಣದಿಂದ ನಡೆಯುವ ಸರಕಾರದ ಕೆಲಸ.

ಮನೆಯವರಿಗೇನು ಗೊತ್ತು ಎನ್ನುವವರಿಗೆ

“ಯಂತ್ರ ಮಾಡುವುದು ತಜ್ಞರ ಕೆಲಸ. ಹಳ್ಳಿಯ ಸಂಸಾರಸ್ಥರಿಗೆ ಅದರಲ್ಲೇನು ಗೊತ್ತು?” ಎಂದು ಸೂಟು ತೊಟ್ಟವರು ಕೇಳುತ್ತಾರೆ. ಗೊತ್ತಿದೆ ಸ್ವಾಮಿ, ಬೇಕಾದಷ್ಟು ಗೊತ್ತಿದೆ.

ನಮ್ಮ ಬಡಗಿ ನೇಗಿಲು ಮಾಡುವಾಗ ಹೂಡುವವನ ಎತ್ತರ ನೋಡುತ್ತಿದ್ದ, ಎತ್ತಿನ ಹೆಗಲು ನೋಡುತ್ತಿದ್ದ, ಗದ್ದೆ ಯಾವುದು ಬೆದ್ದಲು ಯಾವುದು ಎಂದು ಕೇಳುತ್ತಿದ್ದ. ಅದು ಒಗ್ಗದಿದ್ದರೆ ಮರುದಿನ ರೈತ ಅವನ ಅಂಗಳಕ್ಕೇ ಬಂದು ನಿಲ್ಲುತ್ತಿದ್ದ. ಸೊರಬ, ಸಾಗರದ ದೀವರ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚ. ಅಜ್ಜಿ ಹೇಳುತ್ತಾಳೆ, ಮೊಮ್ಮಗಳು ಎಳೆಯುತ್ತಾಳೆ. ಗೆರೆ ಸೊಟ್ಟವಾದರೆ ಇಬ್ಬರೂ ಸೇರಿ ತಿದ್ದುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಹೀಗೆಯೇ ಚಿತ್ತಾರ ಬರೆಯುತ್ತಾರೆ. ಎರಡು ತಲೆಮಾರುಗಳನ್ನು ಕೂಡಿಸುವ ಉಪಾಯವನ್ನು ಆ ಹೆಂಗಸರು ಯಾವ ಕಾಲೇಜಿನಲ್ಲಿ ಕಲಿತರು?

ಇದು ಹಳೆಯ ಕಾಲದ ಮಾತಾಯಿತು ಎನ್ನುವಿರೊ? ಮೊಬೈಲು ಹೊಸದಾಗಿ ಬಂದು ಕರೆಗೆ ಕೈತುಂಬ ದುಡ್ಡು ಬೀಳುತ್ತಿದ್ದ ದಿನಗಳನ್ನು ನೆನೆಸಿಕೊಳ್ಳಿ. ಒಂದು ಸಲ ರಿಂಗು ಕೊಟ್ಟು ಕಡಿದರೆ “ಕ್ಷೇಮವಾಗಿ ತಲುಪಿದೆ”, ಎರಡು ಸಲ ಕೊಟ್ಟರೆ “ನೀನೇ ಕರೆ ಮಾಡು”. ಈ ಮಿಸ್ಡ್ ಕಾಲಿನ ಭಾಷೆಯನ್ನು ಯಾವ ಕಂಪನಿಯೂ ಮಾಡಲಿಲ್ಲ. ಬೆಂಗಳೂರಿನ ಮಗನೂ ಸೊರಬದ ತಾಯಿಯೂ ಸೇರಿ ಮಾಡಿಕೊಂಡರು. ಅಕ್ಷರ ಬೇಡ, ದುಡ್ಡು ಬೇಡ, ಗುಟ್ಟು ಗುಟ್ಟಾಗಿಯೇ ಉಳಿಯಿತು. ಮನೆಯವರನ್ನು ಸುಮ್ಮನೆ ಬಿಟ್ಟರೂ ಇಷ್ಟು ಮಾಡುತ್ತಾರೆ. ಕರೆದು ಕೂರಿಸಿ ಕೇಳಿದರೆ ಎಷ್ಟು ಮಾಡಿಯಾರು?

ನಮ್ಮ ಇಂಜಿನಿಯರುಗಳನ್ನೂ ನಾವು ಹಳಿಯುವುದಿಲ್ಲ. ಹಳ್ಳಿಯನ್ನು ಕಣ್ಣಮುಂದೆ ಇಟ್ಟುಕೊಂಡಾಗ ಅವರು ಏನು ಮಾಡಬಲ್ಲರೆಂಬುದಕ್ಕೆ ನಮ್ಮ ಕಿತ್ತೂರೇ ಸಾಕ್ಷಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ಸರಕಾರಿ ಸಂಸ್ಥೆ ಹಳ್ಳಿಗಳಿಗಾಗಿ 128 ಸಂಪರ್ಕಗಳ ಪುಟ್ಟ ದೂರವಾಣಿ ವಿನಿಮಯ ಕೇಂದ್ರವನ್ನು ತಯಾರಿಸಿತು. ಮೊದಲನೆಯದನ್ನು 1986ರಲ್ಲಿ ಕಿತ್ತೂರಿನಲ್ಲಿ ಕೂರಿಸಿದರು. ಪರದೇಶದ ಯಂತ್ರಗಳಿಗೆ ತಣ್ಣನೆಯ ಕೋಣೆ ಬೇಕಿತ್ತು. ಇದು ನಮ್ಮ ಬಿಸಿಲಲ್ಲಿ, ನಮ್ಮ ಧೂಳಿನಲ್ಲಿ ನಡೆಯಿತು. ಮುಂದೆ ಊರೂರಿಗೆ ಬಂದ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳಲ್ಲಿ ಚಿಕ್ಕ ವ್ಯಾಪಾರಿಯೇ ನಂಬರು ಒತ್ತಿ, “ಮಾತಾಡಿ ಅಜ್ಜಿ” ಎಂದು ರಿಸೀವರು ಕೈಗಿಡುತ್ತಿದ್ದ. ಯಂತ್ರದ ಜತೆ ಒಬ್ಬ ಮನುಷ್ಯನಿದ್ದ. ಈಗ ಆ ಮನುಷ್ಯನನ್ನು ತೆಗೆದುಹಾಕಿ, ಅವನ ಕೆಲಸವನ್ನು ಮೊಮ್ಮಗನ ತಲೆಗೆ ಕಟ್ಟಿದ್ದಾರೆ.

ನಾರ್ವೆಯ ಕಬ್ಬಿಣದ ಕೆಲಸಗಾರರು ತೋರಿಸಿದ ದಾರಿ

ಬಳಸುವವರನ್ನು ಕೇಳಿ ಯಂತ್ರ ಮಾಡಬೇಕೆಂಬುದು ನಮ್ಮ ಕನಸಲ್ಲ. ಲೋಕದಲ್ಲಿ ಅದು ನಡೆದಿದೆ. ನಡೆಸಿದವರು ಕಾರ್ಮಿಕ ಸಂಘದವರು ಎಂಬುದನ್ನು ನಮ್ಮ ಗಿರಣಿ ಬಂಧುಗಳು ಹೆಮ್ಮೆಯಿಂದ ಗಮನಿಸಬೇಕು.

1970ರ ದಶಕದ ಆರಂಭದಲ್ಲಿ ನಾರ್ವೆಯ ಕಾರ್ಖಾನೆಗಳಿಗೆ ಗಣಕಯಂತ್ರ ಬಂತು. ಅಲ್ಲಿನ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ ಬರಿಯ ಧಿಕ್ಕಾರ ಕೂಗಿ ಸುಮ್ಮನಾಗಲಿಲ್ಲ. ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಗಣಕ ವಿಜ್ಞಾನಿಯನ್ನು ಜತೆಗೆ ಸೇರಿಸಿಕೊಂಡು, ಈ ಯಂತ್ರ ಹೇಗಿರಬೇಕೆಂಬುದನ್ನು ಕೆಲಸಗಾರರೇ ಅಧ್ಯಯನ ಮಾಡಿದರು. 1975ರಲ್ಲಿ ಮಾಲೀಕರ ಒಕ್ಕೂಟ ಮತ್ತು ಕಾರ್ಮಿಕರ ಒಕ್ಕೂಟದ ನಡುವೆ ರಾಷ್ಟ್ರಮಟ್ಟದ ಕರಾರಾಯಿತು. ಹೊಸ ಗಣಕ ವ್ಯವಸ್ಥೆ ತರುವ ಮುನ್ನ ಕೆಲಸಗಾರರಿಗೆ ತಿಳಿಸಬೇಕು, ಅವರ ಭಾಷೆಯಲ್ಲಿ ವಿವರಿಸಬೇಕು, ಇದಕ್ಕೆಂದೇ ಅವರು ತಮ್ಮ ಪ್ರತಿನಿಧಿಯನ್ನು ಆರಿಸಬಹುದು ಎಂಬುದು ಹಕ್ಕಾಯಿತು.

1981ರಲ್ಲಿ ನಾರ್ಡಿಕ್ ದೇಶಗಳ ಮುದ್ರಣ ಕಾರ್ಮಿಕರ ಸಂಘ ಇನ್ನೊಂದು ಹೆಜ್ಜೆ ಇಟ್ಟಿತು. ಪತ್ರಿಕೆಯ ಪುಟ ಕಟ್ಟುವ ಗಣಕ ಬರಲಿತ್ತು. ಅಕ್ಷರ ಜೋಡಿಸುವವರ ಅನ್ನಕ್ಕೆ ಕಲ್ಲು ಬೀಳುವ ಹೊತ್ತು. ಅವರು ಸಂಶೋಧಕರೊಂದಿಗೆ ಕೂತು ರಟ್ಟಿನ ಪೆಟ್ಟಿಗೆಗಳಿಂದ ಸುಳ್ಳು ಯಂತ್ರ ಮಾಡಿಕೊಂಡರು. ಖಾಲಿ ಪೆಟ್ಟಿಗೆಯ ಮೇಲೆ ‘ಲೇಸರ್ ಮುದ್ರಕ’ ಎಂದು ಬರೆದಿಟ್ಟು, ಅದರ ಮುಂದೆ ಕೆಲಸ ಮಾಡಿದಂತೆ ಮಾಡಿ, ಇಲ್ಲಿ ಕೈ ಎಟಕುವುದಿಲ್ಲ, ಇಲ್ಲಿ ಕಣ್ಣಿಗೆ ಕಾಣುವುದಿಲ್ಲ ಎಂದು ತಿದ್ದಿಸಿದರು. ರಟ್ಟಿಗೆ ಎಷ್ಟು ಖರ್ಚು? ಏನೂ ಇಲ್ಲ. ಕಲಿತದ್ದು ಮಾತ್ರ ಕೋಟಿ ಬೆಲೆಯದು.

ಕಾರ್ಖಾನೆಯಲ್ಲಿ ಹುಟ್ಟಿದ ಈ ಹಕ್ಕು ಮುಂದೆ ಮನೆಯ ಹೊಸ್ತಿಲು ದಾಟಿತು. 2001ರಲ್ಲಿ ಐರೋಪ್ಯ ಒಕ್ಕೂಟದ ಹಣದಿಂದ ‘ಇಂಟರ್‌ಲಿವಿಂಗ್’ ಎಂಬ ಕೆಲಸ ಆರಂಭವಾಯಿತು. ಸ್ಟಾಕ್‌ಹೋಮ್ ಮತ್ತು ಪ್ಯಾರಿಸ್ಸಿನ ಕೆಲವು ಕುಟುಂಬಗಳನ್ನು, ಬೇರೆ ಬೇರೆ ಮನೆಯಲ್ಲಿದ್ದ ಅಜ್ಜ ಅಜ್ಜಿ, ಅಪ್ಪ ಅಮ್ಮ, ಮಕ್ಕಳು ಎಲ್ಲರನ್ನೂ, ಯಂತ್ರ ರೂಪಿಸುವವರ ಜತೆ ಸಮಾನರಾಗಿ ಕೂರಿಸಿದರು. ಅಮೆರಿಕದ ಮೇರಿಲ್ಯಾಂಡಿನ ವಿದ್ವಾಂಸರೂ ಕೈಗೂಡಿಸಿದರು. ಅಲ್ಲಿ ಬಳಸಿ ನೋಡಿದ ಒಂದು ಸಾಧನ ಎರಡು ಮನೆಗಳಿಗೆ ಸೇರಿದ ಒಂದೇ ಬರೆಯುವ ಹಲಗೆಯಂತಿತ್ತು: ಒಂದು ಮನೆಯಲ್ಲಿ ಗೀಚಿದ್ದು ಇನ್ನೊಂದು ಮನೆಯಲ್ಲಿ ಕಾಣುತ್ತಿತ್ತು. ಗುಂಡಿ ಇಲ್ಲ, ಗುಪ್ತಸಂಖ್ಯೆ ಇಲ್ಲ. ಇನ್ನೊಂದು ಚಿತ್ರ ಕಳಿಸುವ ಸಾಧನ: ಕ್ಯಾಮೆರಾದ ಮುಂದೆ ಏನನ್ನಾದರೂ ಮೂರು ಸೆಕೆಂಡು ಅಲುಗಾಡದೆ ಹಿಡಿದರೆ ಸಾಕು, ಆ ಚಿತ್ರ ಆ ಮನೆಗೆ ಹೋಗುತ್ತಿತ್ತು, ದಿನ ಕಳೆದಂತೆ ತಾನೇ ಮಾಸುತ್ತಿತ್ತು. ಆ ಸಾಧನಗಳನ್ನು ಮನೆಯವರು ಕೆಲಸದ ಸುದ್ದಿಗಷ್ಟೇ ಬಳಸಲಿಲ್ಲ. ಒಬ್ಬರನ್ನೊಬ್ಬರು ನಗಿಸಲಿಕ್ಕೂ ಬಳಸಿದರು. ಕೂಡಿ ಬಾಳುವುದೆಂದರೆ ಕೂಡಿ ನಗುವುದೂ ಹೌದೆಂಬುದನ್ನು ಯಂತ್ರದವರಿಗೆ ಮನೆಯವರು ಕಲಿಸಿದರು.

ಸ್ಟಾಕ್‌ಹೋಮಿನ ಅಜ್ಜಿಗೆ ಇದ್ದ ಈ ಗೌರವ ಸೊರಬದ ಅಜ್ಜಿಗೆ ಏಕಿಲ್ಲ? ಅವಳ ಬುದ್ಧಿ ಕಡಿಮೆಯೆ? ಇಲ್ಲ, ಅವಳ ಬೆನ್ನಿಗೆ ಸಂಘವಿಲ್ಲ.

ಆಕ್ಷೇಪಣೆಗಳು

“ಈ ಮುದುಕರು ಇನ್ನೆಷ್ಟು ದಿನ? ಮುಂದಿನವರೆಲ್ಲ ಫೋನು ಬಲ್ಲವರೇ” ಎನ್ನುತ್ತಾರೆ ಕೆಲವರು. ಎಂಥ ಕಟುಕ ಮಾತು! ಅಲ್ಲದೆ ಮೂರ್ಖ ಮಾತು. ಇಂದು ಫೋನು ಬಲ್ಲ ಹುಡುಗನಿಗೆ ಎಪ್ಪತ್ತಾಗುವ ಹೊತ್ತಿಗೆ ಇಂದಿನ ಫೋನು ಇರುವುದಿಲ್ಲ, ಇನ್ನೇನೋ ಬಂದಿರುತ್ತದೆ. ಆಗಲೂ ಅವನನ್ನು ಕೇಳದೆಯೇ ಅದನ್ನು ಮಾಡಿರುತ್ತಾರೆ. ಇಂದು ಅಜ್ಜಿಗಾಗಿ ಹೋರಾಡುವವನು ತನ್ನ ಮುಪ್ಪಿಗಾಗಿಯೂ ಹೋರಾಡುತ್ತಿದ್ದಾನೆ.

“ಪರದೇಶದ ಕಂಪನಿ ಸೊರಬದ ಮಾತು ಕೇಳೀತೆ?” ಎಂಬುದು ಇನ್ನೊಂದು. ಕೇಳದಿರಬಹುದು. ಆದರೆ ಪಿಂಚಣಿ, ಪಡಿತರ, ಗೃಹಲಕ್ಷ್ಮಿ ಇವುಗಳ ಯಂತ್ರಗಳು ನಮ್ಮ ತೆರಿಗೆಯಿಂದ ಆದವು. ಅವನ್ನು ಮಾಡಿಸುವವರು ನಮ್ಮ ಓಟು ಕೇಳಲು ಬರುವವರು. ಮೊದಲು ಅಲ್ಲಿಂದ ಹಿಡಿಯೋಣ.

“ಮನೆಯವರನ್ನು ಕೇಳಿದರೆ ಯಜಮಾನನೊಬ್ಬನೇ ಮಾತಾಡುತ್ತಾನೆ” ಎಂಬ ಮೂರನೆಯ ಆಕ್ಷೇಪಣೆಯಲ್ಲಿ ಮಾತ್ರ ಹುರುಳಿದೆ. ನಮ್ಮ ಮನೆಗಳಲ್ಲಿ ಸೊಸೆಯ ಬಾಯಿ ಕೊನೆಗೆ ತೆರೆಯುತ್ತದೆ, ಕೆಲವು ಕಡೆ ತೆರೆಯುವುದೇ ಇಲ್ಲ. ಅಜ್ಜನಿಗೆ ಹಿತವಾದ ಫೋನು ಸೊಸೆಯ ಮೇಲಿನ ಕಾವಲಾಗಬಹುದು. ಆದ್ದರಿಂದ ಕುಟುಂಬವೆಂದರೆ ಯಜಮಾನನ ರುಜುವಲ್ಲ. ಅಜ್ಜಿಗೆ ಬೇರೆ ಹೊತ್ತು, ಸೊಸೆಗೆ ಬೇರೆ ಹೊತ್ತು, ಮಕ್ಕಳಿಗೆ ಬೇರೆ ಹೊತ್ತು ಕೊಟ್ಟು ಕೇಳಿ, ಆಮೇಲೆ ಎಲ್ಲರನ್ನೂ ಒಂದೆಡೆ ಕೂರಿಸಬೇಕು. ಕಷ್ಟವೆಂದು ಬಿಡುವ ಕೆಲಸ ಇದಲ್ಲ.

“ಫೋನು ಸರಿಮಾಡಿದರೆ ಎಲ್ಲ ಸರಿಹೋದೀತೆ?” ಎಂದು ಕೇಳುವವರಿಗೂ ಉತ್ತರವಿದೆ. ಹೋಗುವುದಿಲ್ಲ. ಮುಖ ನೋಡುವ ಆಸೆಗೆ ಮುಖವೇ ಮದ್ದು. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಮಗಳ ಮನೆಗೆ ಹೋಗಿಬರುವ ಅಜ್ಜಿಗೆ ಇದಕ್ಕಿಂತ ದೊಡ್ಡ ಸಂಪರ್ಕ ಸಾಧನ ಯಾವುದು? ಆದರೆ ಖಾಸಗಿ ಬಸ್ಸುಗಳನ್ನೇ ನಂಬಿದ ನಮ್ಮ ಮಲೆನಾಡಿನ ದಾರಿಗಳಲ್ಲಿ ಆ ಸೌಲಭ್ಯ ಅಜ್ಜಿಯ ಊರಿನ ತಿರುವಿನವರೆಗೆ ಬರುವುದಿಲ್ಲ. ಬಸ್ಸಿನ ದಾರಿಯನ್ನು ಗೆರೆ ಹಾಕಿದವರೂ ಅವಳನ್ನು ಕೇಳಲಿಲ್ಲ. ರೋಗ ಒಂದೇ.

ನಮ್ಮ ಬೇಡಿಕೆಗಳು

ಒಂದು: ಮುದುಕರು, ಹೆಂಗಸರು ಬಳಸಬೇಕಾದ ಯಾವುದೇ ಸರಕಾರಿ ಆಪ್ ಅಥವಾ ಯಂತ್ರವನ್ನು ರಾಜ್ಯದ ಮೇಲೆ ಹೇರುವ ಮುನ್ನ ಹೋಬಳಿ ಮಟ್ಟದಲ್ಲಿ ಸಂಸಾರಗಳ ನಡುವೆ ಇಟ್ಟು ಪರೀಕ್ಷಿಸಬೇಕು. ಮೂರು ತಲೆಮಾರೂ ಕೂತಿರಬೇಕು. ಅವರು ಹೇಳಿದ್ದನ್ನೂ ಅದರಲ್ಲಿ ಒಪ್ಪಿದ್ದೆಷ್ಟು ಬಿಟ್ಟದ್ದೆಷ್ಟು ಎಂಬುದನ್ನೂ ಕನ್ನಡದಲ್ಲಿ ಅಚ್ಚುಮಾಡಿ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಶಿಕಾರಿಪುರ, ಸೊರಬಗಳಿಂದಲೇ ಆರಂಭಿಸಲಿ.

ಎರಡು: ಹಾಗೆ ಬಂದು ಕೂತವರಿಗೆ ಒಂದು ದಿನದ ಕೂಲಿ ಕೊಡಬೇಕು. ತಜ್ಞನಿಗೆ ಸಂಬಳವಿರುವಾಗ ಅವನಿಗೆ ಬುದ್ಧಿ ಹೇಳಿದವಳಿಗೆ ಬರಿಯ ಚಹ ಸಾಕೆ?

ಮೂರು: ಯಂತ್ರ ಒಪ್ಪದಿದ್ದರೆ ಮನುಷ್ಯ ಒಪ್ಪುವ ಬಾಗಿಲು ತೆರೆದೇ ಇರಬೇಕು. ಕಾಗದದ ಅರ್ಜಿ, ಗುರುತು ಬಲ್ಲ ಅಧಿಕಾರಿಯ ರುಜು, ಶುಲ್ಕವಿಲ್ಲದೆ ಮನೆಗೆ ಬರುವ ಅಂಚೆಯವನು, ಈ ಮೂರನ್ನೂ ಮುಚ್ಚಕೂಡದು.

ನಾಲ್ಕು: ಎಚ್ಚರಿಕೆಯೂ ಗುಪ್ತಸಂಖ್ಯೆಯೂ ಕನ್ನಡದಲ್ಲಿ, ಕೇಳಿದವರಿಗೆ ಲಂಬಾಣಿಯಲ್ಲಿ, ದನಿಯಾಗಿ ಬರಬೇಕು.

ಐದು: ಗಿರಣಿ ಸಂಘಗಳು ಮುಂದಿನ ಕರಾರಿನಲ್ಲಿ ನಾರ್ವೆಯವರಂತೆ ಯಂತ್ರದ ಪ್ರತಿನಿಧಿಯ ಹಕ್ಕನ್ನು ಸೇರಿಸಬೇಕು. ಹಾಜರಿಯ ಯಂತ್ರವಾಗಲಿ, ನಿವೃತ್ತರ ಪಿಂಚಣಿಯ ಯಂತ್ರವಾಗಲಿ, ಸಂಘ ನೋಡದೆ ಬರಕೂಡದು.

ಆರು: ಪ್ರೌಢಶಾಲೆಯ ಉಪಾಧ್ಯಾಯರಲ್ಲಿ ಒಂದು ವಿನಂತಿ. ಪಾಠ ಹೇಳಿದ ಅನುಭವದಿಂದಲೇ ಇದನ್ನು ಹೇಳುತ್ತಿದ್ದೇವೆ. ಮಕ್ಕಳಿಗೆ ರಟ್ಟು, ಗೋಂದು ಕೊಟ್ಟು, ಅಜ್ಜಿಯನ್ನು ಕೇಳಿ ಅಜ್ಜಿಗೆ ಬೇಕಾದ ಫೋನು ಮಾಡಿ ತನ್ನಿ ಎಂದು ಕಳಿಸಿ. ಆ ರಟ್ಟಿನ ಫೋನುಗಳನ್ನು ನಾವು ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತೇವೆ. ಯಾವ ಮನವಿ ಪತ್ರಕ್ಕಿಂತಲೂ ಅದು ಗಟ್ಟಿಯಾಗಿ ಮಾತಾಡೀತು.

ನಮ್ಮ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ವಿಷಯಗಳಲ್ಲಿ ಕೊಳಗವೂ ಒಂದಾಗಿತ್ತು. ಭತ್ತ ಅಳೆಯುವ ಕೊಳಗ ಯಾರು ಮಾಡಿಸಿದ್ದು, ಎಷ್ಟು ಸೇರು ಹಿಡಿಯಬೇಕು ಎಂಬ ಪ್ರಶ್ನೆ. ಒಡೆಯ ತನ್ನ ಮನೆಯಲ್ಲಿ ಮಾಡಿಸಿದ ಅಳತೆಯನ್ನು ರೈತ ತೆಪ್ಪಗೆ ಒಪ್ಪಬೇಕಿತ್ತು. ಒಪ್ಪುವುದಿಲ್ಲ ಎಂದರು ಆ ರೈತರು. ಲೋಹಿಯಾರವರೂ ಬಂದು ಬಂಧನಕ್ಕೊಳಗಾದರು. ಆ ಮಣ್ಣಿನ ಮಕ್ಕಳು, ಮೊಮ್ಮಕ್ಕಳು ನಾವು. ಇಂದು ಕೊಳಗದ ಜಾಗದಲ್ಲಿ ಗಾಜಿನ ಹಲಗೆ ಬಂದಿದೆ. ಅದು ನಮ್ಮ ಬೆರಳನ್ನು ಅಳೆಯುತ್ತದೆ, ಮುಖವನ್ನು ಅಳೆಯುತ್ತದೆ, ಅಜ್ಜಿ ಬದುಕಿದ್ದಾಳೆಯೆ ಇಲ್ಲವೆ ಎಂದು ಅಳೆಯುತ್ತದೆ. ಈ ಅಳತೆಯನ್ನು ಯಾರನ್ನು ಕೇಳಿ ಮಾಡಿದಿರಿ ಎಂದು ಕೇಳುವ ಹಕ್ಕು ನಮಗಿದೆ. ಬರುವ ಗ್ರಾಮಸಭೆಗೆ ನಿಮ್ಮ ಮನೆಯ ಹಿರಿಯರನ್ನೂ ಕಿರಿಯರನ್ನೂ ಜತೆಗೆ ಕರೆದುಕೊಂಡು ಬನ್ನಿ. ಈ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.